ಮೂರನೆಯ ಕಾರಣ

ಜೂನ್ ೧೪, ಭಾನುವಾರ
ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಯಿಂದ

ರೀ,

ಕಾಗದದಲ್ಲಿ ಹೀಗೆ ಕೂಗಿದರೆ ನೀವು ತಿರುಗಿ ನೋಡುವುದಿಲ್ಲ ಎಂದು ಗೊತ್ತು. ಆದರೂ ಇದಕ್ಕಿಂತ ಹತ್ತಿರದ ಸಂಬೋಧನೆ ನನಗೆ ಬರುವುದಿಲ್ಲ. ‘ಪ್ರೀತಿಯ’ ಎಂದು ಶುರು ಮಾಡಿ ನೋಡಿದೆ. ಶಾಲೆಯಲ್ಲಿ ಅಂಕಕ್ಕಾಗಿ ಬರೆಯುತ್ತಿದ್ದ ಪತ್ರಲೇಖನದಂತೆ ಕಂಡಿತು. ಆ ಹಾಳೆಯನ್ನು ಮಡಚಿಟ್ಟೆ.

ಮೊದಲು ಕ್ಷಮೆ ಕೇಳುತ್ತೇನೆ. ವಿದ್ಯಾರ್ಥಿವೇತನ ಸಿಕ್ಕಿತು ಎಂದು ಫೋನಿನಲ್ಲಿ ಹೇಳಿದ ದಿನ, ಉಳಿದದ್ದನ್ನೆಲ್ಲ ವಿವರವಾಗಿ ಬರೆಯುತ್ತೇನೆ ಎಂದಿದ್ದೆ. ನೀವು ಪತ್ರಕ್ಕಾಗಿ ಕಾದಿರುತ್ತೀರಿ. ಕಾದಿದ್ದೀರಾ? ಕೆಲಸ ಜಾಸ್ತಿಯಿತ್ತು ಎಂದು ಬರೆದರೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮ ಮನೆಯ ಫೋನ್ ಮಾತು ನಿಮಗೆ ಗೊತ್ತೇ ಇದೆ. ನನ್ನ ಒಂದು ಪಕ್ಕದಲ್ಲಿ ನಿಮ್ಮ ಅಮ್ಮ, ಇನ್ನೊಂದು ಪಕ್ಕದಲ್ಲಿ ಮಗಳು, ನಿಮ್ಮ ಕಡೆ ಅಚ್ಚುಯಂತ್ರದ ಸದ್ದು. ಕೊನೆಗೆ ಉಳಿಯುವುದು ‘ಊಟ ಆಯ್ತಾ’, ‘ಆಯ್ತು’, ಇಷ್ಟೇ.

ಯಂತ್ರಗಳ ಅಳತೆ ಸರಿಯಿದೆಯೇ ನೋಡಬೇಕು ಎಂದು ಮನೆಯಲ್ಲಿ ಹೇಳಿ ಬಂದಿದ್ದೇನೆ. ನೋಡಿಯೂ ಆಯಿತು. ಈಗ ಪರೀಕ್ಷೆಗೆ ಬಂದವರು ಕೂರುವ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಈ ಸಣ್ಣ ಕೋಣೆಯ ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ಇಷ್ಟು ವರ್ಷ ಗಾಜಿನ ಆ ಕಡೆ ಕೂತು, ‘ಎಷ್ಟು ಸಣ್ಣ ಸದ್ದು ಕೇಳಿದರೂ ಗುಂಡಿ ಒತ್ತಿ’ ಎಂದು ಹೇಳುತ್ತ ಬಂದವಳು ನಾನು. ಕೆಲವರು ನಾನು ಏನನ್ನೂ ಕೇಳಿಸದಿದ್ದಾಗಲೂ ಒತ್ತುತ್ತಾರೆ. ಮೋಸವಲ್ಲ. ಕೇಳಬೇಕು ಎಂದು ಕಾದು ಕಾದು, ಇಲ್ಲದ್ದೂ ಕೇಳಿಸುತ್ತದೆ. ಈ ಕುರ್ಚಿಯಲ್ಲಿ ಕೂತರೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಸಂದರ್ಶನದ ಸುದ್ದಿ ಹೇಳಬೇಕು. ಅದಕ್ಕೆ ಮೊದಲು ಒಂದು ಮಾತು. ಕಳೆದ ವರ್ಷ ನಾನೊಬ್ಬಳೇ ಬರೆದು ಕಳಿಸಿದ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತಲ್ಲ, ಅದನ್ನು ನಿಮಗೆ ಅಂಚೆಯಲ್ಲಿ ಕಳಿಸಿದಾಗ ಸಮಾಧಾನದ ಮಾತು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಕೆಂಪು ಶಾಯಿ. ‘ನಾನು ಶ್ರಮಜೀವಿ, ಸಮಾಜಸೇವೆಯಲ್ಲಿ ಆಸಕ್ತಿ ಇರುವವಳು’ ಎಂಬ ಸಾಲಿನ ಪಕ್ಕದಲ್ಲಿ ನೀವು ಬರೆದಿದ್ದಿರಿ: ‘ಇದನ್ನು ಯಾರು ಬೇಕಾದರೂ ಬರೆಯಬಹುದು.’ ಎರಡನೆಯ ಪುಟದಲ್ಲಿ, ದರ್ಜಿ ಹೆಂಗಸಿನ ಬಗ್ಗೆ ನಾನು ಸುಮ್ಮನೆ ಸೇರಿಸಿದ್ದ ನಾಲ್ಕು ಸಾಲಿನ ಪಕ್ಕದಲ್ಲಿ: ‘ಇಲ್ಲಿಂದ ಶುರು ಮಾಡು.’

ಆ ದಿನ ಸಿಟ್ಟು ಬಂದಿತ್ತು. ಪಠ್ಯಪುಸ್ತಕ ತಿದ್ದುವವರನ್ನು ಕಟ್ಟಿಕೊಂಡದ್ದಕ್ಕೆ ಇದೇ ಫಲ ಎಂದು ಮಗಳ ಮುಂದೆ ಗೊಣಗಿದ್ದೆ. ಆದರೆ ನೀವು ಹೇಳಿದ್ದೇ ಸರಿ. ಆ ದರ್ಜಿಯಮ್ಮ ಕಿವಿಯ ಯಂತ್ರವನ್ನು ಒಂದು ವಾರ ಹಾಕಿಕೊಂಡು, ಆಮೇಲೆ ದಾರದ ಉಂಡೆಗಳ ಜೊತೆ ಡ್ರಾಯರಿಗೆ ಸೇರಿಸಿದವರು. ಯಾಕೆ ಎಂದು ಕೇಳಿದ್ದಕ್ಕೆ, “ಹಾಕ್ಕೊಂಡ್ರೆ ಹೊಲಿಗೆ ಮಿಷನ್ ಸದ್ದು ಕೇಳುತ್ತೆ ಕಣಮ್ಮಾ, ಮೊಮ್ಮಗಳ ಮಾತು ಕೇಳಲ್ಲ. ಮಿಷನ್ ಸದ್ದು ಕೇಳಿ ನನಗೇನಾಗ್ಬೇಕು?” ಎಂದಿದ್ದರು. ಜನ ಯಾಕೆ ಕೊಂಡ ಕಿವಿಯನ್ನು ಡ್ರಾಯರಿನಲ್ಲಿ ಇಡುತ್ತಾರೆ ಎಂಬುದೇ ನಾನು ಓದಬೇಕಾದ ವಿಷಯ ಎಂದು ಗೊತ್ತಾದದ್ದು ನಿಮ್ಮ ಆ ಮೂರು ಪದದಿಂದ.

ಆಮೇಲೆ ತಿಂಗಳುಗಟ್ಟಲೆ ಕರಡುಗಳು ನಿಮ್ಮಲ್ಲಿಗೆ ಹೋಗಿ ಬಂದವು. ಮದುವೆಯಾದ ಮೇಲೆ ನಾವು ಇಷ್ಟು ಬರೆದುಕೊಂಡದ್ದು ಇದೇ ಮೊದಲು. ವಿಶೇಷಣ ಬೇಡ, ನಡೆದದ್ದು ಹೇಳು. ಸೋತದ್ದನ್ನೂ ಹೇಳು, ಆದರೆ ಅಲ್ಲೇ ಕೂತು ಅಳಬೇಡ. ಓದಿ ಏನು ಮಾಡುತ್ತೀಯ ಎಂಬುದು ಅವರಿಗೆ ಕಣ್ಣಿಗೆ ಕಟ್ಟಬೇಕು. ನಿಮ್ಮ ಅಕ್ಷರ ನನಗೆ ಎಷ್ಟು ರೂಢಿಯಾಯಿತೆಂದರೆ, ನೀವು ಆಯಾಸದಲ್ಲಿ ಬರೆದ ಪುಟ ಯಾವುದು, ಊಟದ ನಂತರ ಬರೆದದ್ದು ಯಾವುದು ಎಂದು ಹೇಳಬಲ್ಲೆ. ಲಕೋಟೆ ಬಂದ ದಿನ ಅತ್ತೆ, “ಬಂತು ನೋಡು ನಿನ್ನ ಪರೀಕ್ಷೆ ಪೇಪರ್ರು” ಎನ್ನುತ್ತಿದ್ದರು. ನಾನು ಕೈ ಒರೆಸಿಕೊಂಡು ಓಡುತ್ತಿದ್ದೆ. ಕೊನೆಕೊನೆಗೆ ಕರಡು ಚೆನ್ನಾಗಿಯೇ ಆಗಿತ್ತು. ಆದರೂ ಒಂದು ಪ್ಯಾರಾವನ್ನು ಬೇಕೆಂದೇ ಸಡಿಲ ಬಿಟ್ಟು ಕಳಿಸುತ್ತಿದ್ದೆ, ಇನ್ನೊಂದು ಸಲ ಬರಲಿ ಎಂದು. ನಿಮಗೆ ಗೊತ್ತಾಗಿತ್ತೋ ಏನೋ. ಗೊತ್ತಾಗಿಯೂ ತಿದ್ದಿ ಕಳಿಸಿದ್ದರೆ ನನಗೆ ಸಂತೋಷ.

ಶಿಫಾರಸು ಪತ್ರದ ಕಥೆ ನಿಮಗೆ ಪೂರ್ತಿ ಹೇಳಿಲ್ಲ. ನಮ್ಮ ಡಾಕ್ಟರನ್ನು ಕೇಳಿದರೆ, “ನೀವೇ ಬರೆದು ತನ್ನಿ, ಸೈನ್ ಹಾಕ್ತೀನಿ” ಎಂದುಬಿಟ್ಟರು. ಮಗಳು ಒಪ್ಪಲಿಲ್ಲ. ಅರ್ಜಿಯ ಭಾಷೆ, ಶಿಫಾರಸಿನ ಭಾಷೆ ಎರಡೂ ಒಂದೇ ಆದರೆ ಆಯ್ಕೆ ಮಾಡುವವರ ಮೂಗಿಗೆ ತಕ್ಷಣ ಬಡಿಯುತ್ತದಂತೆ. ಹಾಗಾಗಿ ಡಾಕ್ಟರ ಹಿಂದೆ ಬಿದ್ದೆ. ಲಿಫ್ಟಿನಲ್ಲಿ, ಕಾರಿನ ಹತ್ತಿರ, ಅವರು ಕೈ ತೊಳೆಯುವಾಗ. ನನ್ನ ಬಗ್ಗೆ ಏನಾದರೂ ಒಂದು ಘಟನೆ ನೆನಪಿದೆಯೇ ಎಂದು ಕೇಳಿದರೆ ಅವರಿಗೆ ಸಂಕಟ. “ನೀವು ಯಾವತ್ತೂ ರಜೆ ಹಾಕ್ಲಿಲ್ಲ ಅಲ್ವಾ?” ಎಂದರು. ಜೊತೆಗೆ ಇಷ್ಟು ವರ್ಷ ಕೆಲಸ ಮಾಡಿದವರಿಗೆ ನಾನು ನೆನಪಿರುವುದು ಇಷ್ಟೇನಾ ಎಂದು ಮನಸ್ಸು ಚಿಕ್ಕದಾಯಿತು. ಆಮೇಲೆ ಒಂದು ದಿನ ತಾವಾಗಿಯೇ ಕರೆದು ಬರೆದದ್ದನ್ನು ಓದಿ ಹೇಳಿದರು. ಶನಿವಾರ ಮಧ್ಯಾಹ್ನ ನಾನು ಕಿವಿಯ ಯಂತ್ರ ಹಾಕಿಕೊಳ್ಳದವರನ್ನೆಲ್ಲ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಆ ಗದ್ದಲದಲ್ಲೇ ಮಾತಾಡಿಸಿ, ಯಂತ್ರ ರೂಢಿ ಮಾಡಿಸುತ್ತೇನಲ್ಲ, ಮಗಳು ‘ಡ್ರಾಯರ್ ಸಂಘ’ ಎಂದು ಹೆಸರಿಟ್ಟಿದ್ದಾಳಲ್ಲ, ಅದರ ಬಗ್ಗೆ. ‘ಇದು ಸಮಯ ಹಾಳು ಎಂದು ನಾನು ಮೊದಲು ನಿಲ್ಲಿಸಲು ಹೇಳಿದ್ದೆ. ಅವರು ನಿಲ್ಲಿಸಲಿಲ್ಲ. ಈಗ ನಾನೇ ರೋಗಿಗಳನ್ನು ಅಲ್ಲಿಗೆ ಕಳಿಸುತ್ತೇನೆ’ ಎಂದು ಬರೆದಿದ್ದರು. ಓದುವಾಗ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಮನೆಯಲ್ಲಿ ನಡೆದ ಅಣಕು ಸಂದರ್ಶನ ನೀವು ನೋಡಬೇಕಿತ್ತು. ಊಟದ ಮೇಜಿನ ಆ ತುದಿಯಲ್ಲಿ ಅಧ್ಯಕ್ಷರಾಗಿ ನಿಮ್ಮ ಅಮ್ಮ, ಕನ್ನಡಕ ಹಾಕಿಕೊಂಡು. ಪಕ್ಕದಲ್ಲಿ ಮಗಳು, ಕೈಯಲ್ಲಿ ಗಡಿಯಾರ. ಮಗಳು ನನ್ನನ್ನು ಬಾಗಿಲಿನ ಹೊರಗೆ ಕಳಿಸಿ, ತಟ್ಟಿ ಒಳಗೆ ಬಾ ಎನ್ನುತ್ತಿದ್ದಳು. ಅತ್ತೆಯ ಮೊದಲ ಪ್ರಶ್ನೆ ಪ್ರತಿದಿನವೂ ಒಂದೇ.

“ಈ ವಯಸ್ಸಲ್ಲಿ ಓದಿ ಏನ್ ಮಾಡ್ತೀಯಾ?”

“ಅಜ್ಜೀ, ಹಾಗೆಲ್ಲ ಕೇಳಲ್ಲ ಅವ್ರು.”

“ಬಾಯಲ್ಲಿ ಕೇಳಲ್ಲ. ಮನಸ್ಸಲ್ಲಿ ಅಂದ್ಕೊಳ್ತಾರೆ. ಅದಕ್ಕೇ ಉತ್ತರ ಇಟ್ಕೊಂಡು ಹೋಗ್ಬೇಕು.”

ನಾನು ದಿನಕ್ಕೊಂದು ಉತ್ತರ ಹೇಳುತ್ತಿದ್ದೆ, ಅತ್ತೆ ತಲೆ ಅಲ್ಲಾಡಿಸುತ್ತಿದ್ದರು. ಒಂದು ಸಂಜೆ ಬೇಸತ್ತು, “ಪ್ರಶ್ನೆ ಹುಟ್ಟೋದಕ್ಕೇ ಇಷ್ಟು ವರ್ಷ ಬೇಕಾಯ್ತು ಅತ್ತೆ, ನಾನೇನ್ ಮಾಡ್ಲಿ” ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಹಾಂ. ಇದನ್ನ ಹೇಳು” ಎಂದು ಎದ್ದು ಹೋದರು. ಅವತ್ತಿಗೆ ಸಭೆ ಮುಕ್ತಾಯ.

ನಿಜವಾದ ಸಂದರ್ಶನ ಇಲ್ಲಿನ ಒಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಡೆಯಿತು. ಆಯ್ಕೆ ಮಾಡುವವರು ಊರೂರಿಗೆ ಹೋಗಿ ಅಭ್ಯರ್ಥಿಗಳನ್ನು ನೋಡುತ್ತಾರಂತೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ನಮ್ಮ ಮಗಳ ವಯಸ್ಸಿನವರು. ಇಸ್ತ್ರಿ ಮಾಡಿದ ಬಟ್ಟೆ, ಬಾಯಲ್ಲಿ ಏನೋ ಮಣಮಣ. ಪಕ್ಕದಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ, “ಆಂಟಿ, ನಿಮ್ಮ ಮಗಳು ಒಳಗೆ ಹೋಗಿದ್ದಾರಾ?” ಎಂದು ಕೇಳಿದಳು. ಇಲ್ಲಮ್ಮ, ನನ್ನ ಸರದಿ ಇನ್ನೂ ಬಂದಿಲ್ಲ ಎಂದೆ. ಪಾಪ, ಅವಳಿಗೆ ನನಗಿಂತ ಹೆಚ್ಚು ನಾಚಿಕೆಯಾಯಿತು. ಆಮೇಲೆ ತನ್ನ ನೀರಿನ ಬಾಟಲಿ ನನಗೆ ಕೊಟ್ಟಳು.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ಹಿರಿಯರು ನಾನು ಏನು ಹೇಳಿದರೂ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ನನ್ನ ತುಟಿಯನ್ನೇ ನೋಡುತ್ತ, ಬಹಳ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಸಣ್ಣದಾಗಿ ಒಮ್ಮೆ ತಲೆದೂಗುವುದು. ರೀ, ಇಡೀ ದಿನ ನಾನು ನೋಡುವುದು ಇದೇ ಮುಖ. ಕೇಳಿಸದವರು ಹೀಗೆಯೇ ತಲೆದೂಗುತ್ತಾರೆ. ಎಡಗಿವಿ ಮಂದ ಎಂದು ನನಗೆ ಖಾತ್ರಿಯಾಯಿತು. ನನ್ನ ಅರಿವಿಗೇ ಬಾರದಂತೆ ಕುರ್ಚಿಯನ್ನು ಅವರ ಬಲಕ್ಕೆ ಎಳೆದುಕೊಂಡೆ. ದನಿ ಗಟ್ಟಿ ಮಾಡಿ, ಒಂದೊಂದೇ ಪದ ಬಿಡಿಸಿ ಹೇಳತೊಡಗಿದೆ. ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದೆ. ಉಳಿದಿಬ್ಬರು ಮುಖ ಮುಖ ನೋಡಿಕೊಂಡರು.

ಹಿರಿಯರು ಕೈ ಎತ್ತಿ, “ಅಮ್ಮಾ, ನನಗೆ ಚೆನ್ನಾಗಿ ಕೇಳಿಸ್ತಿದೆ. ನಾನು ಯೋಚನೆ ಮಾಡ್ತಿದ್ದೆ, ಅಷ್ಟೆ” ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಆ ಕಡೆ ಕೂತಿದ್ದ ಹೆಂಗಸು ನಗತೊಡಗಿದರು. ಹಿರಿಯರೂ ನಕ್ಕರು. ನನಗೂ ತಡೆಯಲಾಗಲಿಲ್ಲ. ಮಗಳು ಕಲಿಸಿದ್ದ ನೆಟ್ಟಗಿನ ಬೆನ್ನು, ಮಡಿಚಿದ ಕೈ ಎಲ್ಲ ಆ ನಗುವಿನಲ್ಲಿ ಹೋಯಿತು. ಆಮೇಲೆ ನಾನು ಉತ್ತರ ಹೇಳಲಿಲ್ಲ, ಮಾತಾಡಿದೆ. ಡ್ರಾಯರ್ ಸಂಘದ ಬಗ್ಗೆ, ಕೇಳಿಸದವರ ಮನೆಗಳಲ್ಲಿ ನಿಧಾನವಾಗಿ ಮಾತೇ ಕಡಿಮೆಯಾಗುವುದರ ಬಗ್ಗೆ. ಯಂತ್ರ ಕೊಟ್ಟ ಮೇಲೂ ಯಾಕೆ ಆ ಮಾತು ತಿರುಗಿ ಬರುವುದಿಲ್ಲ ಎಂದು ಯಾರೂ ಹೋಗಿ ಕೇಳಿಲ್ಲ ಎಂದೆ. ಆ ಹೆಂಗಸು, ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ಓದಲು ಈಗ ಯಾಕೆ ಎಂದು ಮೃದುವಾಗಿ ಕೇಳಿದಾಗ, ಅತ್ತೆ ಒಪ್ಪಿದ ಉತ್ತರ ತಾನಾಗಿ ಬಾಯಿಗೆ ಬಂತು. ಹಿರಿಯರು ಮತ್ತೆ ತಲೆ ವಾಲಿಸಿ ಬಹಳ ಹೊತ್ತು ಯೋಚಿಸಿದರು. ಈ ಸಲ ನಾನು ಸುಮ್ಮನೆ ಕಾದೆ.

ನನಗೆ ಒಂದು ಅನುಮಾನ ಉಳಿದಿದೆ. ಅವರು ಆರಿಸಿದ್ದು ನನ್ನ ಕೆಲಸವನ್ನೋ, ನನ್ನ ಪೆದ್ದುತನವನ್ನೋ? ಮಗಳು, ಸಿಕ್ಕಿದೆಯಲ್ಲ, ಅದನ್ನೂ ಪೋಸ್ಟ್‌ಮಾರ್ಟಂ ಮಾಡ್ಬೇಕಾ ಎಂದು ಬೈಯುತ್ತಾಳೆ. ನೀವಾಗಿದ್ದರೆ ಎರಡೂ ಒಂದೇ ಎನ್ನುತ್ತಿದ್ದಿರೋ ಏನೋ. ಬಹಳ ಸಲ ನಿಮ್ಮ ಮಾತನ್ನು ನಾನೇ ಹೀಗೆ ಊಹಿಸಿಕೊಳ್ಳುತ್ತೇನೆ. ನೀವು ವರ್ಷಕ್ಕೆ ಎರಡು ಸಲ ಬರುತ್ತೀರಿ. ಮೊದಲೆರಡು ದಿನ ಟವೆಲ್ ಎಲ್ಲಿದೆ, ಲೋಟ ಎಲ್ಲಿದೆ ಎಂದು ನೆಂಟರಂತೆ ಕೇಳುತ್ತೀರಿ. ನಾನೂ ನೆಂಟರಿಗೆ ಮಾಡಿದಂತೆ ಒಳ್ಳೆಯ ಬೆಡ್‌ಶೀಟ್ ಹಾಸುತ್ತೇನೆ. ಮೂರನೆಯ ದಿನ ನೀವು ಕೇಳದೆ ಕಪಾಟಿನ ಬಾಗಿಲು ತೆಗೆಯುತ್ತೀರಿ, ನಾನು ಗೊಣಗುತ್ತೇನೆ, ಎಲ್ಲ ಮೊದಲಿನ ಹಾಗೆ ಅನ್ನಿಸುತ್ತದೆ. ಆಗ ನಿಮ್ಮ ಗಾಡಿಯ ಹೊತ್ತಾಗಿರುತ್ತದೆ. ನಿಮ್ಮ ಮುದ್ರಣಾಲಯ ಆ ಊರಿಗೆ ಹೋದಾಗ, ಮಗಳ ಶಾಲೆ ಮುಗಿಯುವವರೆಗೆ ಮಾತ್ರ ಹೀಗೆ ಬೇರೆ ಬೇರೆ ಎಂದು ನಾವು ಮಾತಾಡಿಕೊಂಡಿದ್ದೆವು. ಅವಳ ಕಾಲೇಜೂ ಮುಗಿಯಿತು. ನಾವು ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಯಾರು ಎತ್ತಬೇಕಿತ್ತು ಎಂದು ನಾನು ಲೆಕ್ಕ ಹಾಕುತ್ತಿಲ್ಲ. ಸುಮ್ಮನೆ ಬರೆದೆ.

ಮನೆಯ ಕಡೆ ಏನೂ ಚಿಂತೆ ಇಲ್ಲ. ಮಗಳಿಗೆ ಇಲ್ಲೇ ಕಟ್ಟಡದ ನಕ್ಷೆ ಮಾಡುವವರ ಆಫೀಸಿನಲ್ಲಿ ಕೆಲಸ ಗಟ್ಟಿಯಾಗಿದೆ. ಅಜ್ಜಿಯನ್ನು ನಾನು ನೋಡ್ಕೊಳ್ತೀನಿ ಎನ್ನುತ್ತಾಳೆ. ಅವಳನ್ನು ನಾನು ನೋಡ್ಕೊಳ್ತೀನಿ ಎಂದು ಅತ್ತೆ. ನಾನು ಸಂಕೋಚದಿಂದ ಅತ್ತೆಯ ಹತ್ತಿರ ಹೋಗಿ, ಎರಡು ವರ್ಷವಾಗುತ್ತೆ, ನಿಮಗೆ ಕಷ್ಟ ಆಗಲ್ವಾ ಎಂದೆ. “ಹೋಗು. ನಾನೇನು ನಿನ್ನನ್ನ ಕಟ್ಟಿ ಹಾಕಿದೀನಾ? ನನ್ನ ಮಗ ಅಲ್ಲಿ ಏನ್ ತಿಂತಾನೋ, ಹೆಂಗಿದಾನೋ, ಒಬ್ಬರಾದ್ರೂ ಕಣ್ಣಲ್ಲಿ ನೋಡ್ದಂಗಾಗುತ್ತೆ” ಎಂದರು. ಆಮೇಲೆ ಅಜ್ಜಿ ಮೊಮ್ಮಗಳು ಸೇರಿ ನನ್ನ ಕಪಾಟಿನ ಅರ್ಧ ಜಾಗವನ್ನು ಆಗಲೇ ಹಂಚಿಕೊಂಡಿದ್ದಾರೆ. ಆಸ್ಪತ್ರೆಯವರು ರಜೆ ಒಪ್ಪಿದ್ದಾರೆ. ಡ್ರಾಯರ್ ಸಂಘವನ್ನು ದರ್ಜಿಯಮ್ಮನೇ ನಡೆಸುತ್ತಾರಂತೆ. ನಾನು ಹೋಗುವುದು ಗೊತ್ತಾದಾಗ, “ನೀನು ಓದಿ ಬರೋ ಹೊತ್ತಿಗೆ ಈ ಮಿಷನ್ನು ನನ್ನ ಮಾತು ಕೇಳಂಗೆ ಮಾಡಿರ್ತೀನಿ” ಎಂದು ಕಣ್ಣು ಹೊಡೆದರು.

ಇಷ್ಟೆಲ್ಲ ಅನುಕೂಲವಾದ ಮೇಲೂ ವಿಶ್ವವಿದ್ಯಾಲಯಕ್ಕೆ ನಾನು ಇನ್ನೂ ಒಪ್ಪಿಗೆ ಕಳಿಸಿಲ್ಲ. ತಿಂಗಳ ಕೊನೆಯೊಳಗೆ ಕಳಿಸದಿದ್ದರೆ ಈ ಜಾಗ ಬೇರೆಯವರಿಗೆ ಹೋಗುತ್ತದೆ. ನನಗೆ ನೀರು ಕೊಟ್ಟ ಆ ಹುಡುಗಿಗೇ ಹೋಗಬಹುದು. ಮಗಳು ಬೆಳಿಗ್ಗೆ ಎದ್ದ ಕೂಡಲೇ, “ಕಳ್ಸಿದ್ಯಾ?” ಎನ್ನುತ್ತಾಳೆ. ಓದಬೇಕು ಎಂಬ ಆಸೆಯಲ್ಲಿ ಒಂದು ಎಳೆಯೂ ಕಡಿಮೆಯಾಗಿಲ್ಲ. ಹೆದರಿಕೆಯೂ ಅಲ್ಲ. ಏನು ಎಂದು ಅವಳಿಗೆ ಹೇಳುವುದು? ಅಮ್ಮ ಯೋಚನೆ ಮಾಡ್ತಿದ್ದಾಳೆ, ಅವಳಿಗೆ ಕೇಳಿಸ್ತಿದೆ ಎಂದು ನಗಿಸಿ ಕಳಿಸುತ್ತೇನೆ.

ನಿಮ್ಮ ಕಣ್ಣು ತೋರಿಸಿದಿರಾ? ಕಳೆದ ಕರಡಿನಲ್ಲಿ ನಿಮ್ಮ ಅಕ್ಷರ ಸಾಲು ಬಿಟ್ಟು ಕೆಳಗೆ ಇಳಿಯುತ್ತಿತ್ತು. ಸಂಜೆಯ ಮೇಲೆ ಪ್ರೂಫ್ ನೋಡಬೇಡಿ. ನಿಮ್ಮ ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಜೊತೆಗೆ ನಿಮ್ಮ ಹಳೆಯ ಸ್ವೆಟರನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಾರೆ, ನೀವು ದಪ್ಪಗಾಗಿದ್ದೀರೋ ಸಣ್ಣಗಾಗಿದ್ದೀರೋ ಬರೆಯಬೇಕಂತೆ. ಮಗಳು ಅಪ್ಪನಿಗೆ ಮುತ್ತು ಎಂದು ಬರೆಯಲು ಹೇಳಿ, ಆಮೇಲೆ, ಬೇಡ, ನಾನೇ ಫೋನಲ್ಲಿ ಹೇಳ್ತೀನಿ ಎಂದಳು. ನೀವು ಎಲ್ಲಿದ್ದರೂ ಆರೋಗ್ಯವಾಗಿ, ನೆಮ್ಮದಿಯಾಗಿ ಇರಬೇಕು. ನನ್ನ ಬೇಡಿಕೆಯಲ್ಲಿ ಅದು ಯಾವಾಗಲೂ ಮೊದಲನೆಯದು.

ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ.

ಈ ವರ್ಷದ ಮೊದಲ ಕರಡಿನಲ್ಲಿ, ‘ಈ ವಿಶ್ವವಿದ್ಯಾಲಯವೇ ಏಕೆ’ ಎಂಬಲ್ಲಿ ನಾನು ಮೂರು ಕಾರಣ ಕೊಟ್ಟಿದ್ದೆ. ಅಲ್ಲಿನ ಪ್ರಯೋಗಾಲಯ ಒಂದು, ಅಲ್ಲಿನ ಪ್ರಾಧ್ಯಾಪಕಿಯ ಸಂಶೋಧನೆ ಎರಡು. ಮೂರನೆಯದು: ‘ನನ್ನ ಗಂಡ ಆ ಊರಿನಲ್ಲಿದ್ದಾರೆ. ಬಹಳ ವರ್ಷಗಳಿಂದ ನಾವು ಬೇರೆ ಬೇರೆ ಊರುಗಳಲ್ಲಿದ್ದೇವೆ. ಇನ್ನು ಮೇಲೆ ಒಂದೇ ಮನೆಯ ಬೀಗ ಹಾಕಿ ಇಬ್ಬರೂ ಕೆಲಸಕ್ಕೆ ಹೊರಡಬೇಕು ಎಂಬ ಆಸೆ ನನಗಿದೆ.’ ಇಂಥ ಸಾಲು ಅರ್ಜಿಯಲ್ಲಿ ಉಳಿಯುವುದಿಲ್ಲ ಎಂಬಷ್ಟೂ ತಿಳಿಯದವಳಲ್ಲ ನಾನು. ಅದನ್ನು ಬರೆದದ್ದು ಆಯ್ಕೆ ಮಾಡುವವರಿಗಲ್ಲ. ಕರಡನ್ನು ಮೊದಲು ಓದುವವರು ನೀವು.

ಮೊದಲ ಎರಡು ಕಾರಣಗಳನ್ನು ನೀವು ಪದಪದ ತಿದ್ದಿದ್ದಿರಿ. ಮೂರನೆಯದರ ಮೇಲೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಅನಗತ್ಯ’ ಎಂದು ಬರೆದಿದ್ದಿರಿ. ಅರ್ಜಿಗೆ ಅದೇ ಸರಿ. ಸಂದರ್ಶನದಲ್ಲಿ ಅವರು ಈ ಪ್ರಶ್ನೆ ಕೇಳಿದಾಗ ನಾನೂ ಎರಡಕ್ಕೇ ನಿಲ್ಲಿಸಿದೆ. ಆದರೆ ಅವತ್ತಿನಿಂದ ಇವತ್ತಿನವರೆಗೆ ನನಗೆ ತಿಳಿಯದೆ ಉಳಿದದ್ದು ಒಂದೇ. ಆ ಗೆರೆ ಎಳೆದದ್ದು ಪ್ರೂಫ್ ತಿದ್ದುವವರೋ, ನೀವೋ? ಆಯ್ಕೆಯಾದೆ ಎಂದು ಹೇಳಿದಾಗ ಫೋನಿನಲ್ಲಿ, ‘ಒಳ್ಳೆಯದಾಯ್ತು, ಅಭಿನಂದನೆ. ಅಲ್ಲಿ ಹಾಸ್ಟೆಲ್ ಚೆನ್ನಾಗಿದೆಯಂತೆ’ ಎಂದಿರಿ. ನಿಮ್ಮ ಕೋಣೆ ಚಿಕ್ಕದು, ನನ್ನ ಓದಿಗೆ ತೊಂದರೆಯಾದೀತು ಎಂದು ಹಾಗೆ ಹೇಳಿರಬಹುದು. ಅದೇ ಇರಬಹುದು ಎಂದು ದಿನಾ ಹೇಳಿಕೊಳ್ಳುತ್ತೇನೆ.

ಒಪ್ಪಿಗೆಯ ಜೊತೆಗೆ ಅವರು ಇನ್ನೊಂದು ವಿಷಯ ತಿಳಿಸಲು ಹೇಳಿದ್ದಾರೆ. ಹಾಸ್ಟೆಲಿನಲ್ಲಿ ನನಗೆ ಕೊಠಡಿ ಬೇಕೋ, ಬೇಡವೋ ಎಂದು.

ಏನೆಂದು ಬರೆಯಲಿ?